ಮಾರಿಯ ಕಾಲದ ಪರಸ್ಥಳವಾಸ

ಭೀಮೆಗೂ ಕೃಷ್ಣೆಗೂ ನಡುವೆ ಹಬ್ಬಿರುವ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳ ಇತಿಹಾಸವನ್ನು ಬರೆಯಹೊರಟವರು ಅರಸರ ಕಾಳಗಗಳನ್ನೂ ಶರಣರ ಚರಿತ್ರೆಯನ್ನೂ ವರ್ಣಿಸಿರುವುದುಂಟು; ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟವರ ವೃತ್ತಾಂತವನ್ನು ಬರೆದವರು ವಿರಳ. ಆದರೆ ಈ ಸೀಮೆಯ ಬಾಳುವೆಯಲ್ಲಿ ಗುಳೆಯು ಬರಗಾಲದಷ್ಟೇ ಹಳೆಯದು. ಡೋಣಿಯ ಎರೆಭೂಮಿಯು ಫಲಿಸಿದರೆ ಕಾಳಿಗೆ ಕೊರತೆಯಿಲ್ಲವೆಂಬ ನಂಬಿಕೆ ಇಲ್ಲಿಯದು. ಹಿಂಗಾರಿ ಮಳೆ ಕೈಕೊಟ್ಟರೆ ಗಂಟು ಕಟ್ಟಿ ನಡೆಯುವ ಪದ್ಧತಿಯೂ ಇಲ್ಲಿಯದೇ. ಹೀಗೆ ಪರಸ್ಥಳದಲ್ಲಿ ನೆಲೆಸಿದವರಿಗೆ ಅಲ್ಲಿ ಮಹಾಮಾರಿ ಎದುರಾದಾಗ ಏನಾಯಿತೆಂಬುದು ವಿಚಾರಿಸತಕ್ಕ ವಿಷಯವಾಗಿದೆ.

1876-78ರ ಮಹಾಕ್ಷಾಮದಲ್ಲಿ ಈ ಪ್ರಾಂತಕ್ಕೆ ಒದಗಿದ ಹಾನಿಯನ್ನು ಖಾನೇಸುಮಾರಿಯ ಅಂಕಿಗಳೇ ಸಾರುತ್ತವೆ. ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಇಂದಿನ ವಿಜಾಪುರ ಸೀಮೆಯಲ್ಲಿ 1872ರಲ್ಲಿ 8 ಲಕ್ಷ 16 ಸಾವಿರದಷ್ಟಿದ್ದ ಜನಸಂಖ್ಯೆಯು 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರು ಸತ್ತರು, ಉಳಿದವರಲ್ಲಿ ಅನೇಕರು ಚದುರಿದರು. ಮುಂದೆ ಇಂಥ ಕ್ಷಾಮ ಬಂದರೆ ಕಾಳು ಸಾಗಿಸಲು ಅನುಕೂಲವಾಗಲೆಂದು ದಕ್ಷಿಣ ಮರಾಠಾ ರೇಲ್ವೆಯವರಿಂದ ಹೋಟಗಿ-ಗದಗ ಮಾರ್ಗವನ್ನು 1884-85ರ ಸುಮಾರಿಗೆ ಹಾಕಿಸಲಾಯಿತು. ಆ ಮಾರ್ಗವು ಇಂಡಿ ರೋಡು, ಬಾಗೇವಾಡಿ ರೋಡುಗಳಲ್ಲಿ ನಿಲ್ಲುತ್ತಿತ್ತು. 'ರೋಡು' ಎಂಬ ಮಾತೇ ಊರು ಇನ್ನೂ ದೂರವಿದೆಯೆಂಬುದರ ಸೂಚನೆ. ಸಿಂದಗಿ, ಮುದ್ದೇಬಿಹಾಳಗಳಿಗೆ ಆ ಭಾಗ್ಯವೂ ಇರಲಿಲ್ಲ. ಕಾಳು ತರಲೆಂದು ಬಂದ ಗಾಡಿಯು ಆಳುಗಳನ್ನು ಒಯ್ಯತೊಡಗಿತು. ಸೊಲ್ಲಾಪುರದಲ್ಲಿ 1877ರಿಂದ ನೂಲಿನ ಗಿರಣಿ ನಡೆದಿತ್ತು, ಅದರಾಚೆಗೆ ಮುಂಬಯಿ. ಸೊಲ್ಲಾಪುರದ ಓಣಿಗಳಲ್ಲಿ ಕನ್ನಡ ಮನೆಮಾತಾಗಿದ್ದುದರಿಂದ ಅಲ್ಲಿಗೆ ಹೋದವನಿಗೆ ಅದು ಅರೆ ಪರದೇಶ. ಮುಂಬಯಿಯಾದರೋ ಪೂರಾ ಪರದೇಶ.

1896ರ ಸೆಪ್ಟೆಂಬರದಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ ವಿಯೇಗಾಸರು ಪ್ಲೇಗನ್ನು ಗುರುತಿಸಿದರು. ಬೇನೆಗಿಂತ ಅದರ ಬಂದೋಬಸ್ತಿಗೇ ಜನರು ಹೆಚ್ಚು ಹೆದರಿದರೆಂದರೆ ತಪ್ಪಾಗದು. ರೋಗಿಯನ್ನು ಮನೆಯಿಂದ ಎಳೆದೊಯ್ಯುವುದು, ಅರಿವೆ-ಅಂಚಡಿಗಳನ್ನು ಸುಡುವುದು, ಮನೆ ಹೊಕ್ಕು ಶೋಧಿಸುವುದು, ಇವೆಲ್ಲ ಹಿಂದೆ ಕಂಡರಿಯದವು. ಆ ವರ್ಷದ ಅಕ್ಟೋಬರ ಕೊನೆಯಲ್ಲಿ ಸುಮಾರು ಸಾವಿರ ಗಿರಣಿ ಕೂಲಿಗಾರರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ಏರಿಹೋದರು. ಎಂಟೂವರೆ ಲಕ್ಷದೊಳಗಿದ್ದ ಪಟ್ಟಣದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 1897ರ ಫೆಬ್ರುವರಿಯೊಳಗೆ ಓಡಿಹೋಗಿದ್ದರು. ಗಿರಣಿಗಳಿಗೆ ಆಳು ಸಿಗದಾಗಿ, ಉಳಿದವರು ರಸ್ತೆಯ ತಿರುವಿನಲ್ಲಿ ನಿಂತು ದಿನಗೂಲಿಯನ್ನು ಸವಾಲಿಗೆ ಹಚ್ಚುವಷ್ಟು ಬೆಲೆಯುಳ್ಳವರಾದರು! ಬೇನೆಯ ಬಾಯಿಯಲ್ಲಿ ನಿಂತಾಗ ಮಾತ್ರ ಕೂಲಿಯವನ ಮಾತಿಗೆ ಬೆಲೆ ಬಂದುದು ವಿಚಿತ್ರ.

ಹಿಂದಿರುಗಿದವರಿಗೆ ಊರು ಆಸರೆಯಾಯಿತೇ? ರೇಲ್ವೆ ನಿಲ್ದಾಣಗಳಲ್ಲಿ ತಪಾಸಣೆ, ಮೈಮುಟ್ಟಿ ಪರೀಕ್ಷೆ, ಬಟ್ಟೆಗಳಿಗೆ ಹೊಗೆ, ಇವನ್ನೆಲ್ಲ ದಾಟಿ ಬಂದರೂ ಆಗ ಒಂದು ಅನುಕೂಲವಿತ್ತು. ಸೊಲ್ಲಾಪುರವೂ ಇಂಡಿಯೂ ಒಂದೇ ಮುಂಬಯಿ ಇಲಾಖೆಗೆ ಸೇರಿದ್ದುದರಿಂದ ಈ ಎರಡು ಊರುಗಳ ನಡುವೆ ಭೀಮೆಯು ಬರಿಯ ಹೊಳೆಯೇ ಹೊರತು ಪ್ರಾಂತದ ಗಡಿಯಾಗಿರಲಿಲ್ಲ. ಅಲ್ಲದೆ ಹಳ್ಳಿಗನಿಗೆ ತನ್ನದೇ ಒಂದು ಉಪಾಯ ತಿಳಿಯಿತು: ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು. ಕನ್ನಡ ನಾಡಿನ ಎಷ್ಟೋ ಹಳ್ಳಿಗಳು ಹೀಗೆ ತಿಂಗಳುಗಟ್ಟಲೆ ಬಯಲಿನಲ್ಲಿ ವಾಸಿಸಿದವು. ಈ ಉಪಾಯವು ಶಾಸ್ತ್ರಕ್ಕೆ ವಿರುದ್ಧವಲ್ಲವೆಂದು, ಇಲಿಯ ಚಿಗಟದಿಂದ ಬೇನೆ ಹರಡುವುದೆಂಬ ಸಂಗತಿ ಸಿದ್ಧವಾದ ಮೇಲೆ ಸ್ಪಷ್ಟವಾಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಹಾಫ್ಕಿನ್‌ರ ಲಸಿಕೆ ಹಾಕಿಸಿಕೊಂಡರು. ವಿಜಾಪುರ ಜಿಲ್ಲೆಗೆ ಪ್ಲೇಗಿನೊಡನೆ 1899-1900ರ ಬರವೂ ಕೂಡಿತು. 1901ರಲ್ಲಿ ಜನಸಂಖ್ಯೆ ಮತ್ತೆ 7 ಲಕ್ಷ 35 ಸಾವಿರಕ್ಕೆ ಇಳಿಯಿತು.

1918ರ ಜ್ವರವು ಬೇರೆ ಬಗೆಯದು. ಮರಾಠಿಗರು ಅದನ್ನು ಮಾನಮೋಡಿಯೆಂದರು. ಜೂನದಲ್ಲಿ ಮುಂಬಯಿಯ ಬಂದರದ ಕಡೆಯಿಂದ ಹಬ್ಬಿ, ಸೆಪ್ಟೆಂಬರದಲ್ಲಿ ಎರಡನೆಯ ಸಲ ಎದ್ದಿತು. ಅಕ್ಟೋಬರ 6ರ ಒಂದೇ ದಿನ ಆ ಪಟ್ಟಣದಲ್ಲಿ 768 ಜನರು ಸತ್ತರು. ಐರೋಪ್ಯರಲ್ಲಿ ಸಾವಿರಕ್ಕೆ 8ರಷ್ಟಿದ್ದ ಮರಣವು ಕೆಳಜಾತಿಯವರೆಂದು ಸರಕಾರವು ಎಣಿಸಿದ ಹಿಂದೂಗಳಲ್ಲಿ 61ನ್ನು ಮೀರಿತ್ತು. ಚಾಳಿನ ಕತ್ತಲೆ ಕೋಣೆಯಲ್ಲಿ ಮಲಗುವವರು ಯಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಈ ಸಲ ಓಡಿ ಫಲವಿರಲಿಲ್ಲ. ಜ್ವರವು ಇಲಿಯನ್ನು ಕಾಯದೆ ಉಸಿರಿನಿಂದ ಉಸಿರಿಗೆ ದಾಟುತ್ತಿತ್ತು. ಹೊಲದ ಗುಡಿಸಲು ಅದಕ್ಕೆ ಮದ್ದಾಗಲಿಲ್ಲ. ಆ ವರ್ಷ ಮಳೆಯೂ ಹೋಗಿತ್ತು. ಇಪ್ಪತ್ತರಿಂದ ನಾಲ್ವತ್ತರ ಪ್ರಾಯದವರನ್ನೇ ಅದು ವಿಶೇಷವಾಗಿ ಆರಿಸಿಕೊಂಡಿತು. ಅದೂ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಬಿತ್ತಿಗೆಯಾಗಬೇಕಾದ ದಿವಸಗಳಲ್ಲಿ! ಕೂರಿಗೆ ಹಿಡಿಯತಕ್ಕ ಕೈಗಳೇ ಹಾಸಿಗೆ ಹಿಡಿದರೆ ಮುಂದಿನ ವರ್ಷದ ಅನ್ನವೇನೆಂಬುದನ್ನು ವಾಚಕರೇ ಊಹಿಸಬಹುದು. 1911-21ರ ದಶಕದಲ್ಲಿ ಹಿಂದುಸ್ಥಾನದ ಜನಸಂಖ್ಯೆಯೇ ಇಳಿಯಿತು. ಖಾನೇಸುಮಾರಿಯ ಚರಿತ್ರೆಯಲ್ಲಿ ಅಂಥ ದಶಕ ಮತ್ತೊಂದಿಲ್ಲ.

ಆ ಬಳಿಕ ನೂರು ವರ್ಷಗಳಲ್ಲಿ ದಾರಿಗಳು ಹೆಚ್ಚಿದವು. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೂ, ಗೋವೆಯ ವಾಸ್ಕೋದ ಬೈನಾ, ಝುವಾರಿನಗರಗಳಿಗೂ, ಮಂಗಳೂರು, ಬೆಂಗಳೂರುಗಳ ಕಟ್ಟಡದ ಕೆಲಸಕ್ಕೂ ಈ ತಾಲೂಕುಗಳ ಜನರು ಮಕ್ಕಳುಮರಿ ಸಹಿತ ಹೋಗತೊಡಗಿದರು. 2020ರ ಮಾರ್ಚ 25ರಿಂದ ದೇಶವೆಲ್ಲ ಲಾಕ್‌ಡೌನಿಗೆ ಒಳಗಾದಾಗ ಕೂಲಿ ನಿಂತಿತು; ಆದರೆ ಗಾಡಿಯೂ ನಿಂತಿತು. 1897ರಲ್ಲಿ ಓಡಿಹೋಗುವುದಕ್ಕಾದರೂ ರೇಲ್ವೆಯಿತ್ತು. ಈ ಸಲ ಅದಿಲ್ಲದೆ ಅನೇಕರು ಕಾಲ್ನಡಿಗೆಯಿಂದ ಹೊರಟರು. ಶ್ರಮಿಕರ ವಿಶೇಷ ರೈಲುಗಳು ಮೇ 1ರಿಂದ ಮಾತ್ರ ಓಡಿದವು. ಬೆಂಗಳೂರಿನಿಂದ ಸರಕಾರವು ಕೆಲವು ದಿನ ಪುಕ್ಕಟೆ ಬಸ್ಸುಗಳನ್ನು ಬಿಟ್ಟಿತು. ಕರ್ನಾಟಕವು ಮಾರ್ಚದಲ್ಲಿ ಹೊರಡಿಸಿದ ನಿಯಮಗಳಿಗೆ ಆಧಾರವಾಗಿದ್ದುದು ಪ್ಲೇಗಿನ ಕಾಲದ 1897ರ ಕಾಯದೆಯೇ. ಒಂದು ಮಾತ್ರ ಬದಲಾಗಿತ್ತು. 1956ರ ನವೆಂಬರ 1ರಿಂದ ಭೀಮೆಯು ಎರಡು ರಾಜ್ಯಗಳ ಗಡಿಯಾಗಿ, ಮೊದಲು ಇಂಡಿ ತಾಲೂಕಿನಲ್ಲಿದ್ದ ಧೂಳಖೇಡದಲ್ಲಿ ತಪಾಸಣೆಯ ಠಾಣೆ ಕುಳಿತಿತ್ತು. ಮೇ 18ರಂದು ಮಹಾರಾಷ್ಟ್ರ ಮೊದಲಾದ ಕೆಲವು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯ ವರೆಗೆ ಪ್ರವೇಶವಿಲ್ಲವೆಂದು ಕರ್ನಾಟಕ ಸರಕಾರವು ಸಾರಿತು. ಸೋಂಕು ಮಹಾರಾಷ್ಟ್ರದಿಂದ ಬಂದವರಲ್ಲಿಯೇ ಹೆಚ್ಚಾಗಿ ಕಾಣಿಸುತ್ತಿದ್ದುದರಿಂದ ಆ ಆಜ್ಞೆಗೆ ಕಾರಣವಿಲ್ಲದಿಲ್ಲ. ಆದರೆ ಹೊಳೆಯ ಆಚೆಯ ದಂಡೆಯಲ್ಲಿ ನಿಂತು ಈಚೆಯ ತನ್ನ ಊರನ್ನು ನೋಡುವವನಿಗೆ ಆ ಕಾರಣ ಸಮಾಧಾನ ತರುವಂಥದಲ್ಲ.

ದಾಟಿ ಬಂದವರನ್ನು ಶಾಲೆ, ವಸತಿನಿಲಯಗಳಲ್ಲಿ ಪ್ರತ್ಯೇಕವಾಗಿರಿಸಲಾಯಿತು. ಮಕ್ಕಳು ಓದುವ ಕೋಣೆಯಲ್ಲಿ ತಂದೆಯು ಮಲಗಿದ. ಮನೆಯವರು ಬುತ್ತಿ ತಂದು ಗೇಟಿನ ಹೊರಗಿಟ್ಟರು. ನಾಡಿನ ಕೆಲವು ಹಳ್ಳಿಗಳಲ್ಲಿ ಹಾದಿಗೆ ಮುಳ್ಳು ಬಡಿದುದೂ ಉಂಟು. ಪ್ಲೇಗಿನಲ್ಲಿ ಊರಿಗೆ ಊರೇ ಹೊರಬಿದ್ದು ಬಯಲಲ್ಲಿ ಕೂಡಿ ಬಾಳಿತ್ತು. ಈ ಸಲ ಊರು ಒಳಗುಳಿದು, ಬಂದವನೊಬ್ಬನೇ ಹೊರಗುಳಿದ. ಬಂದವರಲ್ಲಿ ಕೆಲವರು ಉದ್ಯೋಗ ಖಾತರಿಯ ಮಣ್ಣಿನ ಕೆಲಸಕ್ಕೆ ಹೆಸರು ಬರೆಯಿಸಿದರು, ಕೆಲವರು ಪಾಲಿನ ಹೊಲ ಹಿಡಿದರು. ಗಾಡಿಗಳು ಒಂದೊಂದಾಗಿ ತಿರುಗತೊಡಗಿದಂತೆ, ಗೋವೆಯ, ಸೊಲ್ಲಾಪುರದ ದಾರಿಯಲ್ಲಿ ಮತ್ತೆ ಅವೇ ಗಂಟುಗಳು ಕಾಣಿಸಿಕೊಂಡವು.