ಚಿನ್ನದ ಬಣ್ಣದ ಬಿರಡೆ ಹಾಕಿದರೆ ಎಲೆಕ್ಟ್ರಿಕ್ ಗಿಟಾರ್ ಚೆನ್ನಾಗಿ ನುಡಿಯುತ್ತದೆಯೇ?

ಎಲೆಕ್ಟ್ರಿಕ್ ಗಿಟಾರ್‌ನ ಬಿಡಿಭಾಗ ಬದಲಿಸುವ ವಿಡಿಯೊಗಳು ರೀಲ್ಸ್‌ನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಾಕಷ್ಟು ಓಡಾಡುತ್ತವೆ. ಬೆಳ್ಳಿ ಬಣ್ಣದ ಬಿರಡೆ ಕಳಚಿ ಚಿನ್ನದ ಬಣ್ಣದ್ದು ಹಾಕುತ್ತಾರೆ, 'ಈಗ ಕೇಳಿ ನಾದ' ಎನ್ನುತ್ತಾರೆ. ಇವುಗಳ ಜತೆಗೇ ಇನ್ನೊಂದು ಸಲಹೆಯೂ ಬರುವುದುಂಟು: ಆಂಪ್ಲಿಫೈಯರ್ ಗುಂಯ್ ಎನ್ನುತ್ತಿದ್ದರೆ ಪ್ಲಗ್‌ನ ಅರ್ತ್ ಪಿನ್ ತೆಗೆದುಬಿಡಿ. ಮೊದಲನೆಯದನ್ನು ನಂಬಿದರೆ ಜೇಬಿಗೆ ನಷ್ಟ. ಎರಡನೆಯದನ್ನು ನಂಬಿದರೆ ಜೀವಕ್ಕೇ ಅಪಾಯ.

ಮೊದಲು ಬಣ್ಣದ ವಿಚಾರ ನೋಡೋಣ.

ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್ ಎಂದರೆ ಆಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳು ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್‌ಗೆ ಹೋಗುವುದು ಅದೇ. ಬಿರಡೆಯ ಮೇಲೆ ಮೈಕ್ರಾನ್ ಲೆಕ್ಕದಲ್ಲಿ ಬಳಿದ ಚಿನ್ನದ ಲೇಪ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಬೆವರು ತಗುಲಿ ಆ ಲೇಪ ಬೇಗ ಸವೆಯುತ್ತದೆ ಎಂಬುದು ಮಾತ್ರ ನಿಜ.

ಇದಕ್ಕೊಂದು ಅಪವಾದವಿದೆ. ಪಿಕಪ್‌ಗೆ ಮುಚ್ಚುವ ಲೋಹದ ಕವರ್ ಹಿತ್ತಾಳೆಯದ್ದಾದರೆ ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿ, ಧ್ವನಿಯ ಮೇಲಿನ ಚುರುಕು ಸ್ವಲ್ಪ ಮಂಕಾಗುತ್ತದೆ. ಆದ್ದರಿಂದಲೇ ಒಳ್ಳೆಯ ಕವರ್‌ಗಳನ್ನು ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದಲ್ಲಿ ಮಾಡುತ್ತಾರೆ. ಅಂದಕ್ಕೆಂದು ಕವರ್ ಬದಲಿಸುವವರು ಬಣ್ಣದ ಬದಲು ಒಳಗಿನ ಲೋಹ ಯಾವುದೆಂದು ಕೇಳಬೇಕು. ಪ್ಲಾಸ್ಟಿಕ್ ಕವರ್ ಯಾವ ಬಣ್ಣದ್ದಾದರೂ ಧ್ವನಿಗೆ ಒಂದೇ.

ಹಾಗಾದರೆ ಬಿಡಿಭಾಗ ಬದಲಿಸುವುದೇ ವ್ಯರ್ಥವೇ? ಖಂಡಿತ ಇಲ್ಲ. ಬ್ರಿಟನ್‌ನ ಬ್ರಯಾನ್ ಮೇ 1963ರಲ್ಲಿ ತಂದೆಯ ಜತೆ ಕೂತು ತಮ್ಮ 'ರೆಡ್ ಸ್ಪೆಷಲ್' ಗಿಟಾರ್ ಕಟ್ಟಲು ಶುರುಮಾಡಿದಾಗ ಅದರ ಕುತ್ತಿಗೆಗೆ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರ, ಟ್ರೆಮೊಲೊಗೆ ಹಳೆಯ ಮೋಟಾರ್‌ಸೈಕಲ್‌ನ ಸ್ಪ್ರಿಂಗ್, ಅದರ ಹಿಡಿಯ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಂಡು ಬಳಸಿದ್ದರು. ಫ್ರೆಟ್‌ಬೋರ್ಡ್ ಮೇಲಿನ ಚುಕ್ಕಿಗಳು ಮುತ್ತಿನ ಚಿಪ್ಪಿನ ಗುಂಡಿಗಳು. ಅಮೆರಿಕದ ಎಡ್ಡಿ ವ್ಯಾನ್ ಹೇಲನ್ ತಮ್ಮ ಪಟ್ಟೆ ಪಟ್ಟೆಯ 'ಫ್ರಾಂಕೆನ್‌ಸ್ಟ್ರಾಟ್'ನಲ್ಲಿ ಸ್ಟ್ರಾಟೊಕಾಸ್ಟರ್ ಆಕಾರದ ದೇಹಕ್ಕೆ ಗಿಬ್ಸನ್‌ನ ಹಂಬಕರ್ ಪಿಕಪ್ ಕೂರಿಸಿದರು. ಬ್ರಿಜ್ ಬಳಿ 1971ರ 25 ಸೆಂಟ್ ನಾಣ್ಯವನ್ನೇ ಸ್ಕ್ರೂ ಹಾಕಿ ಬಿಗಿದಿದ್ದರು. ವಾಲ್ಯೂಮ್ ತಿರುಗಿಸುವ ಗುಂಡಿಯ ಮೇಲೆ 'ಟೋನ್' ಎಂದು ಬರೆದಿತ್ತು! ಇಬ್ಬರೂ ಬದಲಿಸಿದ್ದು ಕೈಗೆ ಬೇಕಾದಂತೆ.

ನುಡಿಸಲು ಹಗುರವಾಗಬೇಕೆಂದರೆ ಬಹುಪಾಲು ಕೆಲಸ ಹೊಸ ಬಿಡಿಭಾಗವಿಲ್ಲದೆಯೇ ಆಗುತ್ತದೆ. ನಮ್ಮ ವೀಣೆಯಲ್ಲಿ ಮೆಟ್ಟುಗಳು ಮೇಣದಲ್ಲಿ ಕೂತಿರುತ್ತವೆ, ಶ್ರುತಿ ತಪ್ಪಿದರೆ ಮೇಣ ಬಿಸಿಮಾಡಿ ಸರಿಸಬಹುದು. ಗಿಟಾರ್‌ನ ಫ್ರೆಟ್‌ಗಳು ಮರಕ್ಕೆ ಬಡಿದವು, ಅಲುಗಾಡುವುದಿಲ್ಲ. ಆದ್ದರಿಂದ ಅಲ್ಲಿ ಕುದುರೆಯನ್ನೇ, ಅಂದರೆ ಬ್ರಿಜ್ ಮೇಲಿನ ಪುಟ್ಟ ಸ್ಯಾಡಲ್‌ಗಳನ್ನು, ಹಿಂದೆ ಮುಂದೆ ಸರಿಸುತ್ತೇವೆ. 12ನೇ ಫ್ರೆಟ್‌ನಲ್ಲಿ ಒತ್ತಿದಾಗ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ತಂತಿಯ ಎತ್ತರವನ್ನೂ ಅಲ್ಲಿಯೇ ಹೊಂದಿಸಬಹುದು. ಫೆಂಡರ್ ಮಾದರಿಯ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 1.6 ಮಿ.ಮೀ. ಅಂತರ ಇಟ್ಟುಕೊಂಡು ಶುರುಮಾಡುತ್ತಾರೆ. ಮಳೆಗಾಲದಲ್ಲಿ ಮರ ತೇವ ಹೀರಿ ಕುತ್ತಿಗೆ ಬಾಗಿದರೆ ಅದರೊಳಗಿನ ಟ್ರಸ್ ರಾಡನ್ನು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ ನೋಡಬೇಕು. ಅವಸರಪಟ್ಟವರು ರಾಡನ್ನೇ ಮುರಿದುಕೊಳ್ಳುತ್ತಾರೆ.

ಶ್ರುತಿ ನಿಲ್ಲುತ್ತಿಲ್ಲ ಎಂದು ದುಬಾರಿ ಬಿರಡೆ ಕೊಳ್ಳುವ ಮೊದಲು ಕುತ್ತಿಗೆಯ ತುದಿಯ ನಟ್ ನೋಡಿ. ಅದರ ಗೀರಿನಲ್ಲಿ ತಂತಿ ಸಿಕ್ಕಿಕೊಳ್ಳುವುದೇ ಬಹಳ ಸಲ ಕಾರಣ. ಪೆನ್ಸಿಲ್ ಮೊನೆಯನ್ನು ಗೀರಿಗೆ ಉಜ್ಜಿದರೆ ಗ್ರಾಫೈಟ್ ಜಾರಿಕೆ ಕೊಡುತ್ತದೆ ಎಂಬ ಫಾರ್ವರ್ಡ್ ನಿಜ, ಹಂಚಿಕೊಳ್ಳಬಹುದು. ಲಾಕಿಂಗ್ ಬಿರಡೆ ಶ್ರುತಿಯನ್ನು 'ಲಾಕ್' ಮಾಡುತ್ತದೆ ಎಂಬುದು ತಪ್ಪು. ಅದು ಹಿಡಿದಿಡುವುದು ತಂತಿಯ ತುದಿಯನ್ನು, ಹೆಚ್ಚು ಸುತ್ತು ಹಾಕುವ ಅಗತ್ಯ ಇರುವುದಿಲ್ಲ, ಅಷ್ಟೇ. ಆರೂ ಬಿರಡೆ ಭಾರದವಾದರೆ ಗಿಟಾರ್‌ನ ತಲೆ ಕೆಳಗೆ ವಾಲುವುದೂ ಉಂಟು.

ಆನ್‌ಲೈನ್‌ನಲ್ಲಿ ತರಿಸುವ ಮುನ್ನ ಅಳತೆ ತೆಗೆಯಿರಿ. ಇಂಚಿನ ಲೆಕ್ಕದ ಭಾಗ ಮಿಲಿಮೀಟರ್ ಲೆಕ್ಕದ ತೂತಿಗೆ ಕೂರುವುದಿಲ್ಲ. ವಾಲ್ಯೂಮ್ ಗುಂಡಿಯ ಒಳಗಿನ ಹಲ್ಲುಗಳಲ್ಲೂ 24 ಮತ್ತು 18 ಎಂದು ಎರಡು ಜಾತಿ. ತಂತಿಗಳ ಒಟ್ಟು ಎಳೆತ ಹತ್ತಿರತ್ತಿರ 40 ಕೆ.ಜಿ. ಇರುತ್ತದೆ, ಆದ್ದರಿಂದ ಅವನ್ನು ಸಡಿಲಿಸದೆ ಬ್ರಿಜ್‌ಗೆ ಕೈಹಾಕಬೇಡಿ. ಸಡಿಲವಾದ ಸ್ಕ್ರೂ ತೂತಿಗೆ ಹಲ್ಲುಕಡ್ಡಿ ಮತ್ತು ಫೆವಿಕಾಲ್ ಸಾಕು.

ಇನ್ನು ಅರ್ತ್ ಪಿನ್.

ಗಿಟಾರ್ ತಂತಿ ಮುಟ್ಟಿದ ಕೂಡಲೇ ಗುಂಯ್ ಸದ್ದು ಕಡಿಮೆಯಾದರೆ ಅನೇಕರು ಹೆದರುತ್ತಾರೆ. ಅದು ಸಾಮಾನ್ಯ. ಬ್ರಿಜ್‌ನಿಂದ ಒಂದು ಸಣ್ಣ ವೈರ್ ಜಾಕ್‌ನ ಹೊರಭಾಗಕ್ಕೆ ಹೋಗುತ್ತದೆ, ಅಲ್ಲಿಂದ ಕೇಬಲ್ ಮೂಲಕ ಆಂಪ್‌ನ ಚೌಕಟ್ಟಿಗೆ, ಅಲ್ಲಿಂದ ಮನೆಯ ಅರ್ತಿಂಗ್‌ಗೆ. ನೀವು ತಂತಿ ಮುಟ್ಟಿದಾಗ ನಿಮ್ಮ ದೇಹವೂ ಆ ದಾರಿಗೆ ಸೇರುತ್ತದೆ, ದೇಹ ಹೊತ್ತಿದ್ದ ಸದ್ದು ಇಳಿಯುತ್ತದೆ.

ಈಗ ಆಂಪ್‌ನೊಳಗೆ ಏನೋ ಸುಟ್ಟು 230 ವೋಲ್ಟ್ ಅದರ ಲೋಹದ ಚೌಕಟ್ಟಿಗೆ ತಗುಲಿತೆಂದುಕೊಳ್ಳಿ. ಅರ್ತ್ ಇದ್ದರೆ ಕರೆಂಟ್ ಆ ದಾರಿಯಲ್ಲಿ ರಭಸವಾಗಿ ಹರಿದು ಫ್ಯೂಸ್ ಹೋಗುತ್ತದೆ ಇಲ್ಲವೇ ಎಂಸಿಬಿ ಬೀಳುತ್ತದೆ. ಪಿನ್ ಮುರಿದಿದ್ದರೆ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್‌ಗೆ ಹೇಗೋ ಸಿಕ್ಕಿಸಿದ್ದರೆ, ಅದೇ 230 ವೋಲ್ಟ್ ಕೇಬಲ್ ಹಿಡಿದು ನಿಮ್ಮ ಬೆರಳಿನ ಕೆಳಗಿನ ತಂತಿಗೆ ಬಂದು ನಿಲ್ಲುತ್ತದೆ. ತುಟಿಯೋ ಕೈಯೋ ಇನ್ನೊಂದು ಲೋಹಕ್ಕೆ ತಗುಲಿದರೆ ಸಾಕು. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ 'ಸ್ಟೋನ್ ದಿ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ ವೇದಿಕೆಯ ಮೇಲೆಯೇ ಸತ್ತದ್ದು ಸರಿಯಾಗಿ ಅರ್ತ್ ಆಗದ ಮೈಕ್ ಮುಟ್ಟಿ. ಗಣೇಶೋತ್ಸವದ ಪೆಂಡಾಲ್‌ನಲ್ಲಿ ಎಳೆದ ತಾತ್ಕಾಲಿಕ ವೈರಿಂಗ್ ನೋಡಿದವರಿಗೆ ಇದು ದೂರದ ಕಥೆ ಎನಿಸಲಾರದು.

ಸದ್ದು ಕಡಿಮೆಯಾಗಬೇಕಿದ್ದರೆ ಬೇರೆ ದಾರಿಗಳಿವೆ: ಹಂಬಕರ್ ಪಿಕಪ್, ಗಿಟಾರ್‌ನ ಒಳಗೂಡಿಗೆ ತಾಮ್ರದ ಅಂಟುಪಟ್ಟಿ, ಡಿಮ್ಮರ್ ಮತ್ತು ಟ್ಯೂಬ್‌ಲೈಟ್‌ಗಳಿಂದ ದೂರ ಕೂರುವುದು. ಅಡಾಪ್ಟರ್‌ನಿಂದ ನಡೆಯುವ ಪುಟ್ಟ ಆಂಪ್‌ಗಳು ತಯಾರಿಕೆಯಲ್ಲೇ ಎರಡು ಪಿನ್ನಿನವು, ಅವುಗಳ ಮಾತು ಬೇರೆ.

ಬ್ರಿಜ್ ಬದಲಿಸುವಾಗ ಆ ಸಣ್ಣ ವೈರ್ ಕಳಚಿಹೋಗುವುದು ಸುಲಭ. ಸ್ಟ್ರಾಟೊಕಾಸ್ಟರ್‌ನಲ್ಲಿ ಅದು ಬೆನ್ನಿನ ಗೂಡಿನಲ್ಲಿ ಸ್ಪ್ರಿಂಗ್ ಹಿಡಿದ ಪಟ್ಟಿಗೆ ಬೆಸುಗೆಯಾಗಿರುತ್ತದೆ, ಟೆಲಿಕಾಸ್ಟರ್‌ನಲ್ಲಿ ಬ್ರಿಜ್ ತಗಡಿನ ಅಡಿಯಲ್ಲಿ. ಬೆಸುಗೆಯ ಹೊಗೆಯಲ್ಲಿ ಸೀಸ ಇರುತ್ತದೆ ಎಂದು ಹೆದರಿಸುವ ಸಂದೇಶಗಳೂ ಇವೆ. ಆ ಹೊಗೆ ಮುಖ್ಯವಾಗಿ ಫ್ಲಕ್ಸ್‌ನಲ್ಲಿರುವ ರಾಳದ್ದು, ಉಸಿರಾಟಕ್ಕೆ ಕೆಟ್ಟದ್ದು, ಕಿಟಕಿ ತೆರೆದಿಡಿ. ಸೀಸ ಹೊಟ್ಟೆಗೆ ಹೋಗುವುದು ಕೈಯಿಂದ, ಆದ್ದರಿಂದ ತಿನ್ನುವ ಮುನ್ನ ಸೋಪು ಹಾಕಿ ಕೈ ತೊಳೆಯಿರಿ. ಕೆಲಸ ಮುಗಿದ ಮೇಲೆ ಆಂಪ್‌ಗೆ ಜೋಡಿಸದೆ ಮಲ್ಟಿಮೀಟರ್‌ನ ಒಂದು ಮೊನೆಯನ್ನು ಬ್ರಿಜ್‌ಗೆ, ಇನ್ನೊಂದನ್ನು ಜಾಕ್‌ನ ಹೊರಭಾಗಕ್ಕೆ ಹಿಡಿಯಿರಿ. ಬೀಪ್ ಎಂದರೆ ಸಂಪರ್ಕ ಸರಿಯಿದೆ. ಇಎಂಜಿಯಂತಹ ಬ್ಯಾಟರಿ ಪಿಕಪ್ ಹಾಕಿದ ಗಿಟಾರ್‌ಗಳಲ್ಲಿ ಈ ವೈರ್ ಇರುವುದೇ ಇಲ್ಲ, ಅಲ್ಲಿ ಬೀಪ್ ಬರದಿದ್ದರೆ ಗಾಬರಿಯಾಗಬೇಕಿಲ್ಲ.