ಕಂಪ್ರೆಸರ್ ಏಕೆ ಸುಮ್ಮನಿದೆ? ವಾಹನದ ಏಸಿ ದೋಷಪತ್ತೆ ನಡೆದು ಬಂದ ದಾರಿ

ಕಾರಿನ ಏಸಿಯಿಂದ ತಣ್ಣನೆ ಗಾಳಿ ಬರುವುದು ನಿಂತರೆ ನಮ್ಮ ಗ್ಯಾರೇಜುಗಳಲ್ಲಿ ಮೊದಲು ಕೇಳಿಬರುವ ಮಾತು, "ಗ್ಯಾಸ್ ಖಾಲಿಯಾಗಿದೆ, ಹಾಕಿಸಿಬಿಡಿ." ಎಷ್ಟೋ ಸಲ ಅದು ನಿಜವೇ. ಆದರೆ ಗ್ಯಾಸ್ ಸರಿಯಾಗಿದ್ದೂ ಕರೆಂಟ್ ತಲುಪದೆ ಕಂಪ್ರೆಸರ್ ಸುಮ್ಮನೆ ಕೂತಿರುವ ವಾಹನಗಳಿವೆ. ಇಂಜಿನ್ನಿನ ಕಂಪ್ಯೂಟರೇ ಬೇಕೆಂದು ಕರೆಂಟನ್ನು ತಡೆಹಿಡಿದಿರುವ ವಾಹನಗಳೂ ಇವೆ. ಈ ಮೂರನ್ನೂ ಬೇರ್ಪಡಿಸಿ ನೋಡುವ ವಿದ್ಯೆ ಬೆಳೆದ ಬಗೆಯನ್ನು ಗಮನಿಸಿದರೆ, ಉಪಕರಣಗಳಿಗಿಂತ ಹೆಚ್ಚಾಗಿ ಮೆಕ್ಯಾನಿಕ್ ಕೇಳಬೇಕಾದ ಪ್ರಶ್ನೆಯೇ ಬದಲಾಗಿದೆ ಎನ್ನಬೇಕಾಗುತ್ತದೆ. ವೈರ್ ಎಲ್ಲಿ ಕಡಿದಿದೆ ಎಂದು ಹುಡುಕಿದರೆ ಸಾಕಾಗುತ್ತಿದ್ದ ಕಾಲ ಹೋಯಿತು. ಕಂಪ್ರೆಸರ್ ಓಡಲು ಯಾರು ಒಪ್ಪಲಿಲ್ಲ, ಏಕೆ ಒಪ್ಪಲಿಲ್ಲ ಎಂದೂ ಈಗ ವಿಚಾರಿಸಬೇಕು.

ಅಮೆರಿಕದ ಪ್ಯಾಕರ್ಡ್ ಕಂಪನಿ 1940ರ ಮಾದರಿಯ ಕಾರುಗಳಿಗೆ ಏಸಿ ಕೂರಿಸಿದಾಗ ಅದರ ಕಂಪ್ರೆಸರ್‌ಗೆ ಕ್ಲಚ್ಚೇ ಇರಲಿಲ್ಲ. ಇಂಜಿನ್ ಓಡಿದಷ್ಟು ಹೊತ್ತೂ ಅದು ತಿರುಗುತ್ತಿತ್ತು. ಪೂರ್ತಿ ನಿಲ್ಲಿಸಬೇಕಾದರೆ ಇಂಜಿನ್ ಆಫ್ ಮಾಡಿ ಬೆಲ್ಟನ್ನೇ ಕಳಚಬೇಕಿತ್ತು. 1954ರಲ್ಲಿ ನ್ಯಾಶ್ ಕಂಪನಿ ಇಡೀ ವ್ಯವಸ್ಥೆಯನ್ನು ಕಾರಿನ ಮುಂಭಾಗಕ್ಕೇ ತಂದಿತು. ಕಂಪ್ರೆಸರನ್ನು ಬೇಕೆಂದಾಗ ಮಾತ್ರ ಇಂಜಿನ್ನಿಗೆ ಜೋಡಿಸುವ ವಿದ್ಯುತ್ಕಾಂತದ ಕ್ಲಚ್ ಬಳಕೆಗೆ ಬಂದ ಮೇಲೆ ಏಸಿಯ ಆಗುಹೋಗು ಒಂದು ತಾಮ್ರದ ಕಾಯಿಲ್‌ನ ಕೈಗೆ ಹೋಯಿತು. ಬ್ಯಾಟರಿ, ಫ್ಯೂಸ್, ಸ್ವಿಚ್, ಕಾಯಿಲ್, ಅರ್ಥ್: ಇಷ್ಟೇ ಸರ್ಕ್ಯೂಟ್. ಒಂದು ಟೆಸ್ಟ್ ಲ್ಯಾಂಪ್ ಹಿಡಿದು ಹಂತಹಂತವಾಗಿ ಮುಟ್ಟುತ್ತಾ ಹೋದರೆ ಬಲ್ಬ್ ಎಲ್ಲಿ ಹತ್ತಲಿಲ್ಲವೋ ಅದರ ಹಿಂದೆಯೇ ದೋಷ ಸಿಗುತ್ತಿತ್ತು. ಬ್ಲೋವರ್‌ನದೂ ಇದೇ ಲೆಕ್ಕ. ಫ್ಯಾನ್ ಕೊನೆಯ ಸ್ಪೀಡಿನಲ್ಲಿ ಮಾತ್ರ ಓಡಿ, ಉಳಿದ ಸ್ಪೀಡುಗಳಲ್ಲಿ ನಿಂತರೆ ರೆಸಿಸ್ಟರ್ ಸುಟ್ಟಿದೆ ಎಂದು ಮೀಟರ್ ಇಲ್ಲದೆಯೂ ಹೇಳಬಹುದಿತ್ತು.

ಆ ಸರಳ ಸರ್ಕ್ಯೂಟಿನಲ್ಲೂ ಮೋಸ ಹೋಗುವ ಒಂದು ಜಾಗವಿದೆ, ಇಂದಿಗೂ ಇದೆ. ಸಾಮಾನ್ಯ ಕ್ಲಚ್ ಕಾಯಿಲ್‌ನ ರೆಸಿಸ್ಟೆನ್ಸ್ ಸುಮಾರು 3ರಿಂದ 4 ಓಮ್. 12 ವೋಲ್ಟಿಗೆ ಅದು ಎಳೆಯುವುದು 3ರಿಂದ 4 ಆಂಪಿಯರ್. ಮುಂದೆ ಸ್ವಿಚ್ಚಿನ ಜೊತೆ ಸೇರಿದ ರಿಲೇಯ ಕರಕಲು ತುದಿಯಲ್ಲೋ ಕಿಲುಬುಗಟ್ಟಿದ ಕನೆಕ್ಟರಿನಲ್ಲೋ 1 ಓಮ್ ಅಡ್ಡಿ ಸೇರಿತೆನ್ನಿ. ಕನೆಕ್ಟರ್ ಕಳಚಿ ಮಲ್ಟಿಮೀಟರ್ ಇಟ್ಟರೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಕಾಯಿಲ್ ಜೋಡಿಸಿದ ಕೂಡಲೇ ಅದಕ್ಕೆ ಸಿಗುವುದು ಒಂಬತ್ತೂ ಚಿಲ್ಲರೆ ವೋಲ್ಟ್. ಜೊತೆಗೆ ಬಾನೆಟ್ಟಿನ ಕೆಳಗಿನ ಶಾಖ ಬೇರೆ: ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುವುದರಿಂದ 25 ಡಿಗ್ರಿಯ ಕಾಯಿಲ್ 100 ಡಿಗ್ರಿಗೆ ಬಂದಾಗ ಕರೆಂಟ್ ಹತ್ತಿರಹತ್ತಿರ ಕಾಲು ಭಾಗ ಕುಸಿಯುತ್ತದೆ. ಕ್ಲಚ್ ಪ್ಲೇಟ್ ಸವೆದು ನಡುವಿನ ಸಂದು ಅಗಲವಾಗಿದ್ದರೆ ಕಾಯಿಲ್ ಅದನ್ನು ಎಳೆದು ಹಿಡಿಯಲಾರದು. ಬೆಳಿಗ್ಗೆ ತಂಪು ಕೊಟ್ಟು ಮಧ್ಯಾಹ್ನ ಟ್ರಾಫಿಕ್‌ನಲ್ಲಿ ಕೈಕೊಡುವ ಏಸಿಗೆ ಇದೊಂದು ಮುಖ್ಯ ಕಾರಣ. ಆದ್ದರಿಂದ ವೋಲ್ಟೇಜನ್ನು ಲೋಡ್ ಇರುವಾಗಲೇ ಅಳೆಯಬೇಕು. ಈ ಕ್ಷೇತ್ರ ಕಲಿಸಿದ ಅತ್ಯಂತ ಬೆಲೆಬಾಳುವ ಪಾಠ ಇದೆಂದು ನನ್ನ ಎಣಿಕೆ.

ಮುಂದಿನ ತಿರುವು ಬಂದದ್ದು ಎಲೆಕ್ಟ್ರಾನಿಕ್ಸ್‌ನಿಂದ. ಗಾಳಿಯನ್ನು ತಣ್ಣಗಾಗಿಸುವ ಎವಾಪರೇಟರ್‌ಗೆ ಹಿಮ ಕಟ್ಟದಂತೆ ಸೆನ್ಸರ್ ಬಂತು; ಗ್ಯಾಸಿನ ಒತ್ತಡ ತೀರಾ ಇಳಿದರೂ ತೀರಾ ಏರಿದರೂ ಕಂಪ್ರೆಸರನ್ನು ನಿಲ್ಲಿಸುವ ಪ್ರೆಶರ್ ಸ್ವಿಚ್ ಬಂತು; ಆಮೇಲೆ ಅದರ ಜಾಗಕ್ಕೆ 5 ವೋಲ್ಟಿನಲ್ಲಿ ಕೆಲಸ ಮಾಡುವ ಮೂರು ವೈರಿನ ಸೆನ್ಸರ್ ಬಂತು. ಏಸಿ ಬಟನ್ ಒತ್ತಿದರೆ ಈಗ ಹೋಗುವುದು ಬರೀ ಒಂದು ಕೋರಿಕೆ. ಇಂಜಿನ್ ಕಾದಿದ್ದರೆ, ಓವರ್‌ಟೇಕ್ ಮಾಡಲು ಚಾಲಕ ಆಕ್ಸಿಲರೇಟರ್ ಪೂರ್ತಿ ತುಳಿದಿದ್ದರೆ, ಒತ್ತಡದ ಸಿಗ್ನಲ್ ಸರಿಯಿಲ್ಲದಿದ್ದರೆ ಕಂಪ್ಯೂಟರ್ ಅದನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ 1996ರಿಂದ ವಾಹನ ತನ್ನ ದೋಷವನ್ನು ತಾನೇ ಗುರುತಿಸುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾದ ಮೇಲೆ ಸ್ಕ್ಯಾನರ್ ಎಲ್ಲ ಕಡೆ ಹಬ್ಬಿತು, ಮುಚ್ಚಿದ ಪೆಟ್ಟಿಗೆಯೊಳಗಿನ ಈ ತೀರ್ಮಾನಗಳು ಪರದೆಯ ಮೇಲೆ ಕಾಣತೊಡಗಿದವು. ಹಾಗಾದರೆ ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಓದಿ, ಅದು ಹೆಸರಿಸುವ ಪಾರ್ಟ್ ಬದಲಿಸಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಮುಗಿಯುವುದಿಲ್ಲ. ಪ್ರೆಶರ್ ಸೆನ್ಸರ್ ಸರ್ಕ್ಯೂಟಿನ ಕೋಡ್ ಬಂದರೆ ಸೆನ್ಸರ್ ಕೆಟ್ಟಿರಬಹುದು, 5 ವೋಲ್ಟಿನ ವೈರ್ ಬಾಡಿಗೆ ತಾಗಿರಬಹುದು, ಅರ್ಥ್ ಸಡಿಲವಾಗಿರಬಹುದು. ಕೋಡ್ ಬೀದಿಯ ಹೆಸರು ಹೇಳುತ್ತದೆ, ಮನೆ ನಂಬರ್ ಹೇಳುವುದಿಲ್ಲ. ರಿಲೇಯಿಂದಾಚೆ ಕಾಯಿಲ್‌ಗೆ ಒಂಬತ್ತೇ ವೋಲ್ಟ್ ತಲುಪುತ್ತಿರುವುದು ಹಲವು ಕಾರುಗಳ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. "ಕಂಪ್ರೆಸರ್ ಆನ್" ಎಂದು ಅದು ನಿಶ್ಚಿಂತೆಯಿಂದ ತೋರಿಸುತ್ತಿರುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಬಹುಪಾಲು ದೂರುಗಳಿಗೆ ಗ್ಯಾಸ್ ಲೀಕೇ ಕಾರಣವಾಗಿರುವಾಗ ವೈರಿಂಗ್ ಕೆದಕುವುದೇಕೆ? ಲೀಕ್ ಸಾಮಾನ್ಯ ಎಂಬುದನ್ನು ಒಪ್ಪುತ್ತೇನೆ. ಆದರೆ ಲೀಕ್ ಆದಾಗಲೂ ಕಂಪ್ರೆಸರನ್ನು ನಿಲ್ಲಿಸುವುದು ಪ್ರೆಶರ್ ಸ್ವಿಚ್ಚೇ ತಾನೆ? ಗೇಜ್ ಹಾಕಿ ಒತ್ತಡ ನೋಡದೆ ಗ್ಯಾಸ್ ತುಂಬಿದರೆ, ದೋಷ ವೈರಿನಲ್ಲಿದ್ದ ಕಾರಿಗೆ ಗ್ಯಾಸ್ ಹೆಚ್ಚಾಗಿ ಇನ್ನೊಂದು ಕಾಯಿಲೆ ಅಂಟಿಕೊಳ್ಳುತ್ತದೆ. ಒತ್ತಡ ನೋಡದೆ ಸ್ವಿಚ್ಚಿನ ಎರಡು ವೈರ್ ಸೇರಿಸಿ ಕಂಪ್ರೆಸರ್ ಓಡಿಸುವುದು ಅದಕ್ಕಿಂತ ಕೆಟ್ಟದ್ದು: ಎಣ್ಣೆ ಹರಿಯುವುದೇ ಗ್ಯಾಸಿನ ಜೊತೆ, ಗ್ಯಾಸ್ ಇಲ್ಲದೆ ತಿರುಗಿದ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ.

ಹಳೆಯ ಗುರುತುಗಳೂ ಈಗ ಮಾಯವಾಗುತ್ತಿವೆ. ಕ್ಲಚ್ ಇಲ್ಲದ ಹೊಸ ಕಂಪ್ರೆಸರುಗಳಲ್ಲಿ ಕ್ಲಚ್ ಹಿಡಿಯುವಾಗಿನ ಆ ಪರಿಚಿತ 'ಟಕ್' ಸದ್ದು ಇಲ್ಲ. ಅವಕ್ಕೆ ಆದೇಶ ತಲುಪುತ್ತಿದೆಯೇ ಎಂಬುದನ್ನು ಕಂಟ್ರೋಲ್ ವಾಲ್ವ್‌ಗೆ ಹೋಗುವ ಪಲ್ಸ್ ಅಳೆದೇ ತಿಳಿಯಬೇಕು. ಎಲೆಕ್ಟ್ರಿಕ್ ಕಾರುಗಳಲ್ಲಿ ಕಂಪ್ರೆಸರಿನ ಮೋಟಾರ್ ನೂರಾರು ವೋಲ್ಟಿನದು, ಟೆಸ್ಟ್ ಲ್ಯಾಂಪ್ ಹಿಡಿದು ಹತ್ತಿರ ಹೋಗುವಂತಿಲ್ಲ. ಅಲ್ಲಿ ಎಣ್ಣೆಯೂ ಇನ್ಸುಲೇಶನ್ನಿನ ಭಾಗ. ಮಾಮೂಲಿ ಪಿಎಜಿ ಎಣ್ಣೆ ಬೆರೆತರೆ ಕರೆಂಟ್ ಸೋರಿ, ಏಸಿಯ ತಪ್ಪಿಗೆ ಕಾರೇ ಹೊರಡದೆ ನಿಲ್ಲಬಹುದು. ಇತ್ತ 2025ರ ಅಕ್ಟೋಬರ್ 1ರಿಂದ ಭಾರತದಲ್ಲಿ ತಯಾರಾಗುವ 3.5 ಟನ್ ಮೀರಿದ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾಗಿದೆ. ಹೆದ್ದಾರಿ ಬದಿಯ ಲಾರಿ ಗ್ಯಾರೇಜುಗಳಿಗೂ ಈ ಕೆಲಸ ಬರಲಿದೆ. ಐಟಿಐಗಳು ಗ್ಯಾಸ್ ತುಂಬುವುದನ್ನು ಕಲಿಸುವ ಮೊದಲು ಲೋಡ್ ಇರುವಾಗ ವೋಲ್ಟೇಜ್ ಅಳೆಯುವುದನ್ನು ಕಲಿಸಲಿ. ವಾಹನದ ಮಾಲೀಕರೂ ಗ್ಯಾಸಿಗೆ ಹಣ ಕೊಡುವ ಮುನ್ನ ಗೇಜ್ ಎಷ್ಟು ತೋರಿಸಿತು, ಕಂಪ್ರೆಸರ್‌ವರೆಗೆ ಕರೆಂಟ್ ಬರುತ್ತಿದೆಯೇ ಎಂಬ ಎರಡು ಮಾತು ಕೇಳಲಿ.