ಕೀಮೋ ವಾಂತಿಗೆ ಗಾಂಜಾ ಔಷಧಿ: ಕಲ್ಕತ್ತದಿಂದ ಎಳ್ಳೆಣ್ಣೆ ಕ್ಯಾಪ್ಸೂಲಿನವರೆಗೆ

ಇವತ್ತಿನ ಎಪಿಸೋಡು ಶುರುವಾಗೋದು ಒಂದು ವಾಟ್ಸಾಪ್ ಮೆಸೇಜಿನಿಂದ. ನಮ್ಮ ದೊಡ್ಡವ್ವಗೆ ಕೀಮೋ ನಡೀತಿದ್ದಾಗ ಫ್ಯಾಮಿಲಿ ಗ್ರೂಪಿಗೆ ಬಂದಿದ್ದು: ಗಾಂಜಾ ಎಣ್ಣೆ ಕುಡಿಸಿದ್ರೆ ಕ್ಯಾನ್ಸರೂ ಹೋಗುತ್ತೆ, ವಾಂತಿನೂ ನಿಲ್ಲುತ್ತೆ ಅಂತ.

ಎರಡನೇ ಸೈಕಲ್ ಮುಗಿಸಿ ಆಕೆ ಬೆಂಗಳೂರಿನಿಂದ ಉಜ್ಜಿನಿಗೆ ರಾತ್ರಿ ಬಸ್ಸಿನಲ್ಲಿ ಬಂದಿದ್ದಳು. ದಾರಿಯುದ್ದಕ್ಕೂ ಪ್ಲಾಸ್ಟಿಕ್ ಕವರು ಕೈಯಲ್ಲೇ. ಮನೆಗೆ ಬಂದು ಹೇಳಿದ್ದು ಒಂದೇ ಮಾತು: "ನಾ ಇನ್ನೊಮ್ಮೆ ಹೋಗಂಗಿಲ್ಲ ನೋಡಪ್ಪ." ಗಡ್ಡೆಗೆ ಹೆದರದ ಹೆಂಗಸು ವಾಂತಿಗೆ ಹೆದರಿದ್ದಳು. ಅವತ್ತು ರಾತ್ರಿ ತಮ್ಮ ಕೇಳಿದ, "ಅಣ್ಣಾ, ಆ ಎಣ್ಣೆ ತರಿಸೋಣೇನು?" ನಾನು ಬಿಕಾಂ ಓದಿದವನು, ಡಾಕ್ಟರಲ್ಲ. ಹೂಂ ಅನ್ನೋಕೂ ಧೈರ್ಯ ಇಲ್ಲ, ಬೇಡ ಅನ್ನೋಕೂ ಕಾರಣ ಗೊತ್ತಿಲ್ಲ. ಹಾಗಾಗಿ ಓದ್ತಾ ಕೂತೆ.

ಕಥೆ ಶುರುವಾಗೋದು ಅಮೆರಿಕದಲ್ಲಿ ಅಲ್ಲ, ಕಲ್ಕತ್ತದಲ್ಲಿ. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ವಿಲಿಯಂ ಬ್ರೂಕ್ ಒ'ಶಾಗ್ನೆಸಿ ಅನ್ನೋ ಐರಿಷ್ ಡಾಕ್ಟರ್ ಇದ್ದ. ನಮ್ಮ ಜನ ತಲೆತಲಾಂತರದಿಂದ ಬಳಸ್ತಿದ್ದ ಭಂಗಿ, ಗಾಂಜಾನ ಆತ ಮೊದಲು ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪರೀಕ್ಷೆ ಮಾಡಿ 1839ರಲ್ಲಿ ವರದಿ ಬರೆದ. ಧನುರ್ವಾಯು, ಸಂಧಿವಾತ, ಕಾಲರಾ, ಎಲ್ಲದಕ್ಕೂ ಕೊಟ್ಟು ನೋಡಿದ್ದ. ಪಶ್ಚಿಮದ ವೈದ್ಯರಿಗೆ ಗಾಂಜಾ ಔಷಧಿಯಾಗಿ ಪರಿಚಯ ಆಗಿದ್ದು ಮುಖ್ಯವಾಗಿ ಈ ಬರಹದಿಂದ. ಇದೇ ಮನುಷ್ಯ ಕಾಲರಾ ರೋಗಿಗಳ ರಕ್ತ ಪರೀಕ್ಷಿಸಿ, ಕಳೆದುಹೋದ ಉಪ್ಪುನೀರನ್ನ ನರಕ್ಕೇ ಕೊಡಬೇಕು ಅಂತ ಸೂಚಿಸಿದವರಲ್ಲಿ ಮೊದಲಿಗ. ಅಂದ್ರೆ ಇವತ್ತಿನ ಗ್ಲೂಕೋಸ್ ಬಾಟಲಿಯ ಮುತ್ತಾತ! ಆಮೇಲೆ ಭಾರತಕ್ಕೆ ಟೆಲಿಗ್ರಾಫ್ ಲೈನ್ ಎಳೆಸಿದವನೂ ಇವನೇ. ಇವನ ಮೇಲೆ ಬೇರೆಯೇ ಎಪಿಸೋಡು ಮಾಡ್ಬೇಕು.

ಇದಾಗಿ ನೂರು ವರ್ಷ ಕಳೆದರೂ ಗಾಂಜಾದೊಳಗೆ ಕೆಲಸ ಮಾಡೋ ವಸ್ತು ಯಾವುದು ಅಂತ ಖಚಿತವಾಗಿರಲಿಲ್ಲ. 1964ರಲ್ಲಿ ಇಸ್ರೇಲಿನ ರಾಫೇಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೊನಿ ಅದನ್ನ ಬೇರ್ಪಡಿಸಿದ್ರು. ಅದೇ ಟಿಎಚ್‌ಸಿ.

ಅದೇ ಹೊತ್ತಿಗೆ ಕೀಮೋ ಔಷಧಿಗಳೂ ಬಲವಾಗ್ತಾ ಬಂದವು. 1978ರಲ್ಲಿ ಅಮೆರಿಕ ಒಪ್ಪಿದ ಸಿಸ್‌ಪ್ಲಾಟಿನ್ ಅಂತೂ ವಾಂತಿಗೆ ಕುಖ್ಯಾತ. ತಡೆಯೋ ಒಳ್ಳೆ ಮಾತ್ರೆ ಇರಲಿಲ್ಲ. ಗಾಂಜಾ ಸೇದಿ ಬಂದವರಿಗೆ ವಾಂತಿ ಕಮ್ಮಿ ಅನ್ನೋ ಮಾತು ರೋಗಿಗಳಿಂದಲೇ ಬಂತು. ಬಾಸ್ಟನ್ನಿನ ಸ್ಟೀಫನ್ ಸಾಲನ್ ಮತ್ತು ಜೊತೆಗಾರರು ಅದನ್ನ ತಳ್ಳಿಹಾಕದೆ ಟಿಎಚ್‌ಸಿ ಒಂದು ಸಲ, ಉತ್ತುತ್ತಿ ಮಾತ್ರೆ ಒಂದು ಸಲ ಕೊಟ್ಟು ನೋಡಿ 1975ರಲ್ಲಿ ಪ್ರಕಟಿಸಿದ್ರು. ಟಿಎಚ್‌ಸಿ ಕೊಟ್ಟ 20 ಸಲದಲ್ಲಿ 14 ಸಲ ಗುಣ ಕಂಡಿತ್ತು. ಉತ್ತುತ್ತಿ ಮಾತ್ರೆ ಕೊಟ್ಟ 22ರಲ್ಲಿ ಒಂದರಲ್ಲೂ ಇಲ್ಲ. ನ್ಯೂ ಮೆಕ್ಸಿಕೋದಲ್ಲಿ ಲಿನ್ ಪಿಯರ್ಸನ್ ಅನ್ನೋ ಕ್ಯಾನ್ಸರ್ ಪೀಡಿತ ಯುವಕ ಶಾಸಕರ ಬೆನ್ನುಹತ್ತಿ, 1978ರಲ್ಲಿ ಇದಕ್ಕೊಂದು ಕಾನೂನೇ ಮಾಡಿಸಿದ. ಅದೇ ವರ್ಷ ತೀರಿಕೊಂಡ. ಕಾನೂನು ಬಂತು, ಔಷಧಿ ಅವನಿಗೆ ತಲುಪಲಿಲ್ಲ.

ಈಗ 1985 ಅನ್ನೋ ಇಸವಿ ನೆನಪಿಟ್ಕೊಳ್ಳಿ. ಆ ವರ್ಷ ಅಮೆರಿಕ ಎರಡು ಕ್ಯಾಪ್ಸೂಲಿಗೆ ಒಪ್ಪಿಗೆ ಕೊಡ್ತು, ಡ್ರೊನಾಬಿನಾಲ್ ಮತ್ತು ನ್ಯಾಬಿಲೋನ್. ಎರಡೂ ಲ್ಯಾಬಿನಲ್ಲಿ ತಯಾರಾದವು, ಬೇರೆ ಔಷಧಿಗೆ ಬಗ್ಗದ ಕೀಮೋ ವಾಂತಿಗೆ ಅಂತ. ಡ್ರೊನಾಬಿನಾಲನ್ನ ಕರಗಿಸಿರೋದು ಎಳ್ಳೆಣ್ಣೆಯಲ್ಲಿ! ಗುಡಿಯ ಶಿಖರಕ್ಕೇ ಎಣ್ಣೆ ಎರೆಯೋ ಊರಿನವನು ನಾನು, ಇದನ್ನ ಓದಿ ನಕ್ಕೆ. ಅದೇ 1985ರಲ್ಲಿ ನಮ್ಮ ದೇಶ ಎನ್‌ಡಿಪಿಎಸ್ ಕಾಯ್ದೆ ತಂತು. ಎಲೆ ಮತ್ತು ಬೀಜ ಹೊರಗುಳಿದವು, ಗಾಂಜಾ ಮತ್ತು ಚರಸ್ ಒಳಗೆ ಸಿಕ್ಕವು. ಗಾಂಜಾ ರಾಳದಿಂದ ತೆಗೆದ ಎಣ್ಣೆ ಆ ಕಾನೂನಿನ ಲೆಕ್ಕದಲ್ಲಿ ಚರಸ್. ತಮ್ಮ ತರಿಸೋಣ ಅಂದಿದ್ದು ಅದನ್ನೇ.

ಸರಿ, ಕಾನೂನು ಪಕ್ಕಕ್ಕಿಡಿ. ಈ ಔಷಧಿಯ ಕಾಲ ಯಾಕೆ ಹಿಂದೆ ಬಿತ್ತು? ಅದಕ್ಕಿಂತ ಒಳ್ಳೇದು ಬಂತು, ಅಷ್ಟೇ. ಕೀಮೋ ಹೊಡೆತಕ್ಕೆ ಕರುಳಿನ ಜೀವಕೋಶಗಳು ಸೆರೊಟೋನಿನ್ ಸುರಿಸ್ತವೆ, ಅದು ಮೆದುಳಿಗೆ ವಾಂತಿಯ ಸುದ್ದಿ ಮುಟ್ಟಿಸುತ್ತೆ. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂಡಾನ್ಸೆಟ್ರಾನ್ ಆ ದಾರಿಗೇ ಅಡ್ಡ ನಿಲ್ಲುತ್ತೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಎಮೆಸೆಟ್ ಅಂತ ಸಿಗೋದು ಇದೇ. 2003ರಲ್ಲಿ ಅಪ್ರೆಪಿಟೆಂಟ್ ಬಂತು. ಮಾನಸಿಕ ಕಾಯಿಲೆಗೆ ಕೊಡ್ತಿದ್ದ ಒಲಾಂಜಪಿನ್ ಕೂಡ ವಾಂತಿ ತಡೆಯುತ್ತೆ ಅಂತ 2016ರ ದೊಡ್ಡ ಪ್ರಯೋಗ ತೋರಿಸ್ತು. ಅದರಿಂದ ನಿದ್ದೆ ಜಾಸ್ತಿ ಅನ್ನೋ ದೂರಿಗೆ ಮುಂಬೈನ ಟಾಟಾ ಮೆಮೋರಿಯಲ್ ಉತ್ತರ ಹುಡುಕ್ತು: 275 ರೋಗಿಗಳ ಪ್ರಯೋಗದಲ್ಲಿ 10 ಮಿಲಿಗ್ರಾಂ ಬದಲು 2.5 ಕೊಟ್ಟರೂ ಸಾಕು, ಮಂಪರು ಕಮ್ಮಿ ಅಂತ 2024ರಲ್ಲಿ ಹೇಳಿತು.

ಗಾಂಜಾ ಔಷಧಿಗಳ 23 ಪ್ರಯೋಗಗಳನ್ನ 2015ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟಿಗೆ ತೂಗಿ ನೋಡಿತ್ತು. ಉತ್ತುತ್ತಿ ಮಾತ್ರೆಗಿಂತ ಮೇಲು, ಹಳೇ ವಾಂತಿ ಮಾತ್ರೆಗಳ ಸಮಕ್ಕೆ, ಆದ್ರೆ ತಲೆಸುತ್ತು, ಅಮಲು ಜಾಸ್ತಿ. ಹೊಸ ಔಷಧಿಗಳ ಜೊತೆ ಹೋಲಿಸಿ ನೋಡಿದ್ದೇ ಸಾಲದು. ಇನ್ನೊಂದು ವಿಚಿತ್ರ, ವರ್ಷಗಟ್ಟಲೆ ಗಾಂಜಾ ಸೇದೋರಲ್ಲಿ ಕೆಲವರಿಗೆ ಬಿಡದ ವಾಂತಿನೇ ಶುರುವಾಗುತ್ತೆ. ಕ್ಯಾನ್ಸರ್ ವಾಸಿ ಮಾಡುತ್ತೆ ಅನ್ನೋದು ಈ ಯಾವ ಪ್ರಯೋಗದಲ್ಲೂ ಇಲ್ಲ. ಅವೆಲ್ಲ ವಾಂತಿ ಬಗ್ಗೆ ಮಾತ್ರ.

ನಾವು ಎಣ್ಣೆ ತರಿಸಲಿಲ್ಲ. ಬದಲಿಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸಲ ವಾಂತಿ ಆಯ್ತು ಅಂತ ತಮ್ಮ ಒಂದು ಹಾಳೆಯಲ್ಲಿ ಬರೆದ. ಆಕೆ ಡಾಕ್ಟರಿಗೆ ವಾಂತಿ ವಿಷಯ ಹೇಳಿಯೇ ಇರಲಿಲ್ಲ. "ಔಷಧಿ ಅಂದಮೇಲೆ ಆಗ್ತದೆ ಬಿಡು" ಅಂದ್ಕೊಂಡಿದ್ದಳು. ಹಾಳೆ ನೋಡಿ ಡಾಕ್ಟರು ಮಾತ್ರೆ ಬದಲಿಸಿದ್ರು. ಮೂರನೇ ಸೈಕಲ್ಲಿಗೆ ಹೋದಳು. ವಾಂತಿ ಪೂರ್ತಿ ನಿಲ್ಲಲಿಲ್ಲ, ಎರಡು ಸಲ ಆಯ್ತು. ವಾಪಸ್ ಬರೋವಾಗ ಜಗಳೂರು ದಾಟಿದ ಮೇಲೆ, ಮನೇಲಿ ರೊಟ್ಟಿ ಮಾಡಿಟ್ಟಿರೋಕೆ ಹೇಳು ಅಂದಳು.